ಪೋಸ್ಟ್‌ಮ್ಯಾನ್ ಕರಿಸಿದ್ದಪ್ಪನ ವೀರಮರಣ

ಇಷ್ಟಕ್ಕೆಲ್ಲ ಕಾರಣ ಕರಿಸಿದ್ದಪ್ಪನ ಖಾಕಿ ಬಟ್ಟೆ.

ಎಪ್ಪತ್ತೊಂದರ ಯುದ್ಧದಲ್ಲಿ ತೀರಿಕೊಂಡ ಸಿಪಾಯಿ ದೇವೀರಪ್ಪನ ಹೆಸರಿನ ಕಲ್ಲು ಅಜ್ಜಂಪುರದ ಬಸ್‌ಸ್ಟ್ಯಾಂಡ್ ಪಕ್ಕದಲ್ಲಿತ್ತು. ಎಪ್ಪತ್ತನಾಲ್ಕರ ಡಿಸೆಂಬರ್‌ನಲ್ಲಿ, ಬರೀ ಹಾರ ಹಾಕಿದರೆ ಸಾಲದು, ಕಲ್ಲಿನ ಮುಂದೆಯೇ ಅವನ ಕೊನೆಯ ಗಳಿಗೆಯನ್ನು ಆಡಿ ತೋರಿಸಬೇಕು ಎಂದು ಊರಿನ ಸ್ಮಾರಕ ಸಮಿತಿಯ ಅಧ್ಯಕ್ಷ ಮಲ್ಲಿಕಾರ್ಜುನಯ್ಯ ತೀರ್ಮಾನಿಸಿದರು.

“ಪೋಸ್ಟ್‌ಮ್ಯಾನ್ ಆದ್ರೇನು, ಖಾಕಿ ಖಾಕೀನೇ. ಪೊಲೀಸ್ನೋರ್ನ ಕೇಳಕ್ಕೆ ನಂಗೆ ಧೈರ್ಯ ಇಲ್ಲ. ನೀನೇ ಸಾಯಿ,” ಎಂದರು.

“ಬೇರೆ ಯಾರಾದ್ರೂ ಸಾಯ್ಲಿ ಸ್ವಾಮಿ,” ಎಂದು ಕರಿಸಿದ್ದಪ್ಪ ಗೋಗರೆದ. ಕಾರಣ ಹೇಳಲಿಲ್ಲ.

ದೇವೀರಪ್ಪ ಸತ್ತ ಸುದ್ದಿಯ ತಂತಿಯನ್ನು ಅವನ ತಾಯಿ ಕಾಶಮ್ಮನಿಗೆ ಒಯ್ದವನು ಇವನೇ. ಓದು ಬಾರದ ಆಕೆ, “ಮಗ ಯಾವಾಗ ಬತ್ತಾನಂತಪ್ಪಾ?” ಎಂದು ನಗುತ್ತಾ ಕೇಳಿದಾಗ ಇವನು “ಬತ್ತಾನೆ ಕಣವ್ವ” ಎಂದುಬಿಟ್ಟಿದ್ದ. ಅಂದು ಸೈಕಲ್ ಹತ್ತಿ ಓಡಿದವನು ಮತ್ತೆ ಆ ಓಣಿಗೆ ಕಾಲಿಟ್ಟಿರಲಿಲ್ಲ. ಅಲ್ಲಿಯ ಕಾಗದಗಳನ್ನೆಲ್ಲ ಮೂಲೆಯಂಗಡಿಯಲ್ಲೇ ಕೊಟ್ಟು ಬರುತ್ತಿದ್ದ.

ನಾಟಕದ ದಿನ ಬೆಳಿಗ್ಗೆ ದರ್ಜಿ ವಜೀರ್ ಸಾಬ್, ರಕ್ತ ಗಟ್ಟಿಯಾಗಿರಲಿ ಎಂದು ಬೆಲ್ಲದ ಪಾಕದಲ್ಲಿ ಕುಂಕುಮ ಕಲಸಿ ಕರಿಸಿದ್ದಪ್ಪನ ಎದೆಗೆ ಬಳಿದ. ಗುಂಡಿನ ಸದ್ದಿಗೆಂದು ಹಚ್ಚಿದ ಪಟಾಕಿ ಠುಸ್ಸೆಂದಿತು. ಬೀಳಬೇಕೋ ಬೇಡವೋ ತಿಳಿಯದೆ ಕರಿಸಿದ್ದಪ್ಪ ಮದುವೆಮನೆಯಲ್ಲಿ ಎಲೆ ಸಿಗದ ನೆಂಟನಂತೆ ನಿಂತ.

“ಬೀಳೋ ಮಾರಾಯ!” ಎಂದು ಅಧ್ಯಕ್ಷರು ಕೂಗಿದ ಮೇಲೆ ಬಿದ್ದ. ಆಗ ಪಟಾಕಿ ಢಂ ಎಂದಿತು. ಸತ್ತವನು ಬೆಚ್ಚಿ ಎದ್ದು ಕೂತು, ಮತ್ತೊಮ್ಮೆ ಸತ್ತ.

ಬೆಲ್ಲಕ್ಕೆ ಇರುವೆಗಳು ಸಾಲುಗಟ್ಟಿದವು. ಹೂ ಹಾಕುವ ನೆಪದಲ್ಲಿ ಪಕ್ಕದ ಮನೆಯ ವಿಮಲಮ್ಮ ಬಗ್ಗಿ, “ತರೀಕೆರೆಯಿಂದ ನಮ್ಮ ಹುಡುಗಿ ಕಾಗದ ಬಂತಾ?” ಎಂದು ಪಿಸುಗುಟ್ಟಿದಳು.

“ನಾಳೆ ನೋಡ್ತೀನಿ ಕಣಮ್ಮ. ಈಗ ಸತ್ತಿದೀನಿ.”

ಜನ ಗೊಳ್ಳೆಂದರು. ಆ ನಗು ಇದ್ದಕ್ಕಿದ್ದಂತೆ ನಿಂತುಹೋಯಿತು. ಕಾಶಮ್ಮ ಬಂದಿದ್ದಳು. ಆಕೆಯನ್ನು ಕರೆಯುವುದೇ ಎಲ್ಲರಿಗೂ ಮರೆತಿತ್ತು.

ಆಕೆ ಪಕ್ಕದಲ್ಲಿ ಕೂತು ಸೆರಗಿನಿಂದ ಅವನ ಎದೆಯ ಇರುವೆಗಳನ್ನು ಕೊಡವಿದಳು.

“ಅವತ್ತು ಬತ್ತಾನೆ ಅಂದೆ. ಎರಡು ದಿನ ಹಂಡೇಲಿ ನೀರು ಕಾಯ್ಸಿಟ್ಕೊಂಡು ಕೂತಿದ್ದೆ ಕಣೋ. ಆಮೇಲೆ ಯಾರ್ಯಾರೋ ಹೇಳಿದ್ರು. ತಂತಿ ತಂದೋನು ನೀನು. ನೀನು ಹೇಳ್ಲೇ ಇಲ್ಲ.”

ಕರಿಸಿದ್ದಪ್ಪ ಎದ್ದು ಕೂತ.

“ನಿನ್ನ ಮಗ ಹೋಗ್ಬಿಟ್ಟ ಕಣವ್ವ. ಅವತ್ತೇ ಹೇಳ್ಬೇಕಿತ್ತು. ಹೆದರ್ಕೊಂಡು ಓಡ್ಹೋದೆ. ತಪ್ಪಾಯ್ತು.”

ಆಕೆಯ ಪಾದದ ಮೇಲೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತ. ಕಾಶಮ್ಮನ ಕೈ ಅವನ ತಲೆಯತ್ತ ಮೆಲ್ಲಗೆ ಬಂತು.

ಅಷ್ಟರಲ್ಲಿ ಯಾರೋ ಚಪ್ಪಾಳೆ ತಟ್ಟಿದರು. “ಏನ್ ಪಾರ್ಟ್ ಮಾಡ್ದ ಕಣ್ರೀ!” ಚಪ್ಪಾಳೆ ಜಡಿಮಳೆಯಾಯಿತು. ಅಧ್ಯಕ್ಷರು ಕಣ್ಣೊರೆಸಿಕೊಂಡು ಮೈಕ್ ಹಿಡಿದರು: “ಇದನ್ನ ಕಡೂರಲ್ಲೂ ತರೀಕೆರೆಯಲ್ಲೂ ಆಡಿಸ್ತೀವಿ!”

“ಪಾರ್ಟಲ್ಲ ಸ್ವಾಮಿ, ನಿಜ!” ಎಂದು ಕರಿಸಿದ್ದಪ್ಪ ಕೂಗಿದ. ಅದಕ್ಕೂ ಚಪ್ಪಾಳೆ ಬಿತ್ತು.

ಕಾಶಮ್ಮನ ಕೈ ಅರ್ಧದಲ್ಲೇ ನಿಂತಿತು. ಆಕೆ ಜನರನ್ನು ನೋಡಿದಳು, ಇವನನ್ನು ನೋಡಿದಳು.

“ಈ ಮಾತೂ ಅವ್ರೇ ಹೇಳ್ಕೊಟ್ಟಿದ್ದೇನಪ್ಪಾ?”

“ಇಲ್ಲ ಕಣವ್ವ, ನಿನ್ನಾಣೆ!”

“ಚೆನ್ನಾಗಿ ಹೇಳ್ದೆ ಬಿಡು,” ಎಂದು ಕಾಶಮ್ಮ ಕಲ್ಲಿಗೆ ಕೈಮುಗಿದು ಮನೆಯ ಕಡೆ ನಡೆದಳು.