ಭಾಷಣಕ್ಕೆ ಮುಂಚಿನ ಪ್ರತಿಕ್ರಿಯೆ

ನನಗೆ ಸಿಟ್ಟು ಬೇಗ ಬರುತ್ತದೆ. ಪ್ರತಿಸಲವೂ ಅದಕ್ಕೆ ನ್ಯಾಯವಾದ ಕಾರಣವಿರುತ್ತದೆ ಎಂಬುದು ನನ್ನ ನಂಬಿಕೆ. ನನ್ನ ಹೆಂಡತಿ ಶಾಂತಾಳ ನಂಬಿಕೆ ಬೇರೆ. ಗಜೇಂದ್ರಗಡದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಪ್ರಶ್ನೆ ಓದುವ ಮೊದಲೇ ಉತ್ತರ ಬರೆಯಲು ಕೂಡುವ ಹುಡುಗರನ್ನು ಕಂಡರೆ ನನಗಾಗುತ್ತಿರಲಿಲ್ಲ. ಎಷ್ಟು ಕಿವಿ ಹಿಂಡಿದ್ದೇನೋ ಲೆಕ್ಕವಿಲ್ಲ. ಹಾಗೆ ಹಿಂಡಿಸಿಕೊಂಡ ಕಿವಿಗಳಲ್ಲಿ ಒಂದು ಜೋಡಿ ಬಸವರಾಜನದು. ಈಗ ಅವನು ಒಂದು ದಿನಪತ್ರಿಕೆಯ ವರದಿಗಾರ. ಅಂದರೆ ನಾನು ಹಿಂಡಿದ್ದು ಸಾಲದಾಯಿತು ಎಂದೇ ಅರ್ಥ.

ಸ್ವಾತಂತ್ರ್ಯ ದಿನದ ಹಿಂದಿನ ದಿನ ಮಧ್ಯಾಹ್ನ ಅವನ ಫೋನು ಬಂತು. "ಸರ, ಇವತ್ತ ಸಂಜೀಕ ಟೀವ್ಯಾಗ ರಾಷ್ಟ್ರಪತಿ ಭಾಷಣ ಐತ್ರಿ. ಅದಕ್ಕ ನಿಮ್ಮ ಪ್ರತಿಕ್ರಿಯೆ ಬೇಕಾಗಿತ್ರಿ."

"ಭಾಷಣ ಎಷ್ಟಕ್ಕೋ?"

"ಏಳಕ್ಕರಿ."

"ಈಗ ಎಷ್ಟಾತು?"

"ಮೂರಾತ್ರಿ. ಆದ್ರ ಆರೂವರಿಗೆ ನಮ್ಮ ಪೇಜ್ ಹೋಗಿಬಿಡತೈತ್ರಿ ಸರ. ಎಲ್ಲಾರೂ ಹಿಂಗ ಕೊಡತಾರ್ರಿ. ನೀವು ಫೋಟೋ ಅಷ್ಟ ಕಳಸ್ರಿ, ಮಾತು ನಾ ಬರಕೋತೀನಿ."

ಮೈಯೆಲ್ಲ ಉರಿದುಹೋಯಿತು! ದೇಶದ ಪ್ರಥಮ ಪ್ರಜೆ ಇನ್ನೂ ಬಾಯಿ ತೆರೆದಿಲ್ಲ, ಇಲ್ಲಿ ಗಜೇಂದ್ರಗಡದಲ್ಲಿ ಜನ ಆಗಲೇ ಭಾಷಣವನ್ನು ಸ್ವಾಗತಿಸಿ ಮುಗಿಸಿದ್ದಾರೆ. ಮನುಷ್ಯನಿಗೆ ನಾಚಿಕೆ ಅನ್ನುವುದು ಬೇಡವೇ? ಭಾಷಣ ಪೂರ್ತಿ ಕೇಳಿದ ಮೇಲೆಯೇ ನನ್ನ ಮಾತು ಕಳಿಸುವೆನೆಂದು ಗದರಿ ಫೋನಿಟ್ಟೆ. ಫೋಟೋ ಮಾತ್ರ ಆಗಲೇ ಕಳಿಸಿದೆ. ಫೋಟೋಕ್ಕೂ ಭಾಷಣಕ್ಕೂ ಏನು ಸಂಬಂಧ? ಕಳಿಸಿದ್ದು ತಲೆತುಂಬ ಕೂದಲಿದ್ದ ಕಾಲದ್ದು. ಅದೊಂದೇ ನನ್ನಲ್ಲಿರುವ ಒಳ್ಳೆಯ ಫೋಟೋ. ಜೊತೆಗೆ, ನರಗುಂದದಲ್ಲಿರುವ ಶಾಂತಾಳ ಅಣ್ಣನ ಮುಖ ಪ್ರತಿವರ್ಷ ಆ ಪೇಜಿನಲ್ಲಿ ಬರುತ್ತದೆ. ಕಬ್ಬಿಣದ ಅಂಗಡಿಯವನ ಪ್ರತಿಕ್ರಿಯೆ ನಾಡಿಗೆ ಬೇಕು, ಮಾಸ್ತರನದು ಬೇಡ ಅಂದರೆ ಹೇಗೆ?

ಏಳಕ್ಕೆ ಸರಿಯಾಗಿ ಟೀವಿ ಮುಂದೆ ಕುಳಿತೆ. ತೊಡೆಯ ಮೇಲೆ ಹಾಳೆ, ಕೈಯಲ್ಲಿ ಪೆನ್ನು. ಮೂಲೆಯಲ್ಲಿ ಶಾಂತಾ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಎಲ್ಲರ ಹಾಗೆ 'ಸ್ಫೂರ್ತಿದಾಯಕ', 'ಸ್ವಾಗತಾರ್ಹ' ಎಂದು ಬರೆಯುವ ಪೈಕಿ ನಾನಲ್ಲ. ಮೊದಲ ಸಾಲು ಬರೆದೆ, ಹೊಡೆದೆ. ಮತ್ತೆ ಬರೆದೆ. ಅಷ್ಟರಲ್ಲಿ ಬಾಗಿಲಲ್ಲಿ ಮಾಬುಸಾಬ ಬಂದು ನಿಂತ. ಮಗ್ಗುಲ ಮನೆಯ ನೇಕಾರ, ನನ್ನದೇ ವಯಸ್ಸು. ಮಗ್ಗ ಬಿಚ್ಚಿ, ರೋಣದಲ್ಲಿ ಅಳಿಯನ ಗ್ಯಾರೇಜಿನಲ್ಲಿ ಕೆಲಸಕ್ಕೆ ಕೂಡಲೋ ಬೇಡವೋ ಎಂದು ಹದಿನೈದು ದಿನಗಳಿಂದ ಅವನು ತೂಗಿ ನೋಡುತ್ತಿದ್ದ. ಅವನ ಮನೆಯಲ್ಲಿ ಕರೆಂಟು ಹೋಗಿತ್ತಂತೆ.

"ಮಾಸ್ತರ, ನೇಕಾರರದ್ದೇನಾರ ಅಂದ್ರೇನ್ರಿ?" ಎಂದ.

ನಾನು ಕೈಯೆತ್ತಿ ಸುಮ್ಮನಿರುವಂತೆ ಸನ್ನೆ ಮಾಡಿದೆ. 'ಆಶಯ' ಎಂಬ ಮಾತಿನ ಮುಂದೆ ಇನ್ನೊಂದು ತೂಕದ ಮಾತು ಬೇಕಾಗಿತ್ತು, ಅದು ನಾಲಿಗೆಯ ತುದಿಯವರೆಗೆ ಬಂದು ಹಿಂದಕ್ಕೆ ಹೋಗುತ್ತಿತ್ತು. ಅವನು "ಮಾಸ್ತರಿಗೆ ಕೆಲಸ ಐತಿ" ಎಂದು ಶಾಂತಾಳಿಗೆ ಹೇಳಿ ಹೊರಟುಹೋದ. ನನ್ನ ನಾಲ್ಕು ಸಾಲು ಮುಗಿಯುವುದಕ್ಕೂ ಟೀವಿಯಲ್ಲಿ ರಾಷ್ಟ್ರಗೀತೆ ಶುರುವಾಗುವುದಕ್ಕೂ ಸರಿಹೋಯಿತು. ಎದ್ದು ನಿಂತು, ಅದು ಮುಗಿದ ಮೇಲೆ ಬಸವರಾಜನಿಗೆ ಕಳಿಸಿದೆ.

ಬೆಳಿಗ್ಗೆ ಪೇಪರ್ ಬಿಡಿಸಿದರೆ ನನ್ನ ಕೂದಲಿತ್ತು, ನನ್ನ ಹೆಸರಿತ್ತು, ನನ್ನ ಮಾತಿರಲಿಲ್ಲ. 'ಕೈಮಗ್ಗ ನೇಕಾರರ ಕುರಿತು ರಾಷ್ಟ್ರಪತಿಗಳು ನೀಡಿದ ಭರವಸೆ ನಮ್ಮ ಊರಿಗೇ ಹೇಳಿದಂತಿತ್ತು' ಎಂದು ನಾನು ಹೇಳಿದ್ದೆನಂತೆ. ಧ್ವಜ ಹಾರಿಸಲು ಶಾಲೆಗೆ ಹೋದರೆ ಸಿಕ್ಕವರೆಲ್ಲ "ಫೋಟೋ ಚಲೋ ಬಂದೈತ್ರಿ" ಎಂದರು. ಏನು ಹೇಳಿದ್ದೇನೆಂದು ಒಬ್ಬನಾದರೂ ಓದಿದ್ದರೆ ಕೇಳಿ! ಮನೆಗೆ ಬಂದವನೇ ಫೋನಿನಲ್ಲಿ ಬಸವರಾಜನನ್ನು ಹಿಡಿದೆ.

"ಏನಲೇ ಇದು? ನಾ ಎಂದ ಹಿಂಗ ಹೇಳೀನಿ?"

"ಸರ, ನಿಮ್ಮ ಮೆಸೇಜ್ ಬರೂದ್ರಾಗ ಪೇಜ್ ಹೋಗಿತ್ರಿ. ಊರಿಗೊಂದು ಬರದಿಟ್ಟಿರತೀನ್ರಿ. ರೋಣಕ್ಕ ರೈತರು, ನರಗುಂದಕ್ಕ ನೀರು, ಗಜೇಂದ್ರಗಡಕ್ಕ ನೇಕಾರರು. ಎಲ್ಲಾ ವರ್ಷ ಅದ ಬರತೈತ್ರಿ, ಯಾರೂ ತಕರಾರ ಮಾಡಿಲ್ಲ."

"ಭಾಷಣದಾಗ ನೇಕಾರರ ಸುದ್ದಿ ಇತ್ತೇನೋ, ಮೂರ್ಖಾ?"

"ನನಗೇನ ಗೊತ್ರಿ ಸರ? ಪೂರಾ ಕೇಳಿದವರು ನೀವು. ನೀವ ಹೇಳ್ರಿ, ಇತ್ತೇನ್ರಿ?"

ಭಾಷಣ ನೆನೆಸಿಕೊಂಡರೆ ನನ್ನ ನಾಲ್ಕು ಸಾಲೇ ನೆನಪಿಗೆ ಬಂದವು. ಫೋಟೋ ಸಣ್ಣದು ಹಾಕಿದ್ದಕ್ಕೆ ಒಂದು ಮಾತು ಬೈದು ಫೋನಿಟ್ಟೆ.

ಇಟ್ಟು ತಿರುಗಿದರೆ ಮಾಬುಸಾಬ. ಕೈಯಲ್ಲಿ ಅದೇ ಪೇಪರ್, ಮುಖದಲ್ಲಿ ಹಬ್ಬದ ಕಳೆ. "ಮಾಸ್ತರ, ಯಾರ್‍ಯಾರೋ ಅಂದಿದ್ರ ನಾ ನಂಬತಿದ್ದಿಲ್ಲ. ನೀವು ಅಂದೀರಿ ಅಂದ ಮ್ಯಾಲ ಖರೇನ ಇರತೈತಿ. ಅಳಿಯಗ ಈಗ ಫೋನ್ ಮಾಡಿದೆ. ನಾ ಬರೂದಿಲ್ಲ, ಬ್ಯಾರೆಯವರನ್ನ ಇಟ್ಟಕೋ ಅಂತ ಹೇಳಿಬಿಟ್ಟೆ. ಖರೇ ಹೌದಲ್ರಿ? ಏನಂದ್ರಿ ಅವರು?"

ಹೇಳಬೇಕಾಗಿದ್ದುದು ಮೂರೇ ಮಾತು: ನಾನು ಕೇಳಲಿಲ್ಲ, ಮಾಬುಸಾಬ. ಅಷ್ಟು ವರ್ಷ ಮಕ್ಕಳಿಗೆ 'ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ' ಎಂದು ಕಲಿಸಿದ ಬಾಯಿ ನನ್ನದು. ಅದೇ ಬಾಯಿ, "ಹೌದು ಹೌದು, ನೇಕಾರರ ಸಲುವಾಗಿ ಲಗೂನ ಏನಾರ ಮಾಡೂಣು ಅಂದ್ರು" ಎಂದಿತು. ಅವನು ನನ್ನ ಎರಡೂ ಕೈ ಹಿಡಿದುಕೊಂಡು ಕುಲುಕಿ ಹೋದ.

"ಅವರು ಹಂಗ ಅನ್ನಲಿಲ್ಲರಿ," ಅಡಿಗೆಮನೆಯ ಬಾಗಿಲಲ್ಲಿ ಶಾಂತಾ ನಿಂತಿದ್ದಳು. "ನಾ ಪೂರಾ ಕೇಳೀನಿ. ನೇಕಾರರ ಹೆಸರನ ತಗೀಲಿಲ್ಲ."

"ಇದನ್ನ ನಿನ್ನೆನ ಹೇಳಾಕ ಏನಾಗಿತ್ತ ನಿನಗ?"

"ನನ್ನ ಯಾರ ಕೇಳಿದ್ರಿ?"

ಚಪ್ಪಲಿ ಮೆಟ್ಟಿ ಮಗ್ಗುಲ ಮನೆಗೆ ನಡೆದೆ. ಎಲ್ಲವನ್ನೂ ಬಿಚ್ಚಿ ಹೇಳಿ, ಅಳಿಯನಿಗೆ ಮತ್ತೆ ಫೋನ್ ಮಾಡಿಸಬೇಕೆಂದು ಗಟ್ಟಿ ಮನಸ್ಸು ಮಾಡಿದ್ದೆ. ಮಾಬುಸಾಬ ಆಗಲೇ ಮಗ್ಗಕ್ಕೆ ಹೊಸ ಹಾಸಿನ ನೂಲು ಹೂಡುತ್ತಿದ್ದ. "ಬರ್ರಿ ಮಾಸ್ತರ, ನಿಮ್ಮ ಪುಣ್ಯಾ" ಎಂದು ಚಾಪೆ ಹಾಸಿದ. ಅವನ ಹೆಂಡತಿ ತಲೆಯ ಮೇಲೆ ಸೆರಗು ಹೊದ್ದು, ಏಲಕ್ಕಿ ಹಾಕಿದ ಚಹಾ ತಂದುಕೊಟ್ಟಳು. ಕುಡಿದೆ. ಇನ್ನೊಂದು ಕಪ್ಪು ಕೊಟ್ಟರು, ಅದನ್ನೂ ಕುಡಿದೆ. ಚಹಾ ಬಹಳ ಚಲೋ ಇತ್ತು ಎಂದು ಹೇಳಿ ಎದ್ದು ಬಂದೆ.

ಬಸವರಾಜನ ಮೇಲಿನ ಸಿಟ್ಟು ಈಗ ಇಳಿದಿದೆ. ಅವನು ಹೆಚ್ಚೆಂದರೆ ಒಬ್ಬ ನಿವೃತ್ತ ಮಾಸ್ತರನ ಬಾಯಿಗೆ ಮಾತು ತುರುಕಿದ. ನಾನು ರಾಷ್ಟ್ರಪತಿಗಳ ಬಾಯಿಗೇ ತುರುಕಿ, ಮೇಲೆ ಎರಡು ಕಪ್ಪು ಚಹಾ ಕುಡಿದು ಬಂದವನು.