ಕರೆಂಟಿಗಿಂತ ಹಳೆಯ ಶೇಡು

ಟಕಟಕ ಮಾಮನ ಹೆಂಡತಿಯ ಚಹಾದ ಲೋಟಕ್ಕೆ ಒಂದು ಸತ್ತ ಹುಳ ಬಿದ್ದದ್ದೇ ಎಲ್ಲ ಅನಾಹುತಕ್ಕೂ ಮೂಲ. ಹುಳವೆಂದರೆ ಅಂಥಿಂಥ ಹುಳವಲ್ಲ. ಬಿದ್ದ ಸದ್ದಿಗೆ ಪಕ್ಕದ ಮನೆಯ ಬೆಕ್ಕು ಬೆಚ್ಚಿ ಎದ್ದು ಕೂತಿತು. ಅದು ಬಿದ್ದದ್ದು ಊಟದ ಮೇಜಿನ ಮೇಲೆ ತೂಗುತ್ತಿದ್ದ ದೀಪದ ಗಾಜಿನ ಶೇಡಿನಿಂದ.

“ಸಾಕಾಯ್ತು ನಂಗೆ. ಸಂಜೆ ಗುಜರಿಯವನು ಬರ್ತಾನೆ, ಇದು ಹೋಗುತ್ತೆ,” ಎಂದಳು ಆಕೆ. ಬದಲಿಗೆ ಹಾಕಲು ಬಿಳಿ ಪ್ಲಾಸ್ಟಿಕ್ ಶೇಡೊಂದು ಯಾವಾಗಲೋ ಮನೆಗೆ ಬಂದು ಕೂತಿತ್ತು.

ಮಾಮ ಕಚೇರಿಯಲ್ಲಿ ಟೈಪಿಸ್ಟಾಗಿದ್ದವನು. ಅವನ ಬೆರಳು ಓಡತೊಡಗಿದರೆ ಗೋಡೆಯ ಗಡಿಯಾರ ನಾಚಿ ನಿಲ್ಲುತ್ತಿತ್ತು. ಹೆಂಡತಿಯ ಮುಂದೆ ಮಾತ್ರ ಅವನ ನಾಲಿಗೆ ರಿಬ್ಬನ್ ಒಣಗಿದ ಯಂತ್ರ. ಅವನು ಚಿಕ್ಕವನಿದ್ದಾಗ ಆ ಶೇಡಿನ ಕೆಳಗೇ ಅವನ ಅಮ್ಮ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ಜೇನಿನ ಬಣ್ಣದ ಬೆಳಕಿನೊಳಗೆ ಅವಳ ಕೈ, ಬಟ್ಟೆ, ದಾರ, ಇವನ ಮಗ್ಗಿ ಪುಸ್ತಕ. ಅದರಾಚೆ ಬರೀ ಕತ್ತಲೆ. ಈಗಲೂ ರಾತ್ರಿ ಆ ಬೆಳಕು ತಟ್ಟೆಯ ಮೇಲೆ ಬಿದ್ದರೆ ಅವನಿಗೆ ಯಾರೋ ತಲೆ ಸವರಿದಂತಾಗುತ್ತಿತ್ತು. ಇದನ್ನೆಲ್ಲ ಹೇಳಲು ಬಾಯಿ ಬಾರದೆ, “ಅದು ಆಂಟಿಕ್ ಕಣೇ. ನೂರು ವರ್ಷದ್ದು,” ಎಂದುಬಿಟ್ಟ.

“ಹೌದಾ? ಯಾರಿಗೆ ಬೇಕಾದ್ರೂ ತೋರಿಸ್ರೀ. ಹಳೇದು ಅಂತ ಸಾಬೀತಾದ್ರೆ ಮನೇಲಿರುತ್ತೆ. ಇಲ್ಲಾಂದ್ರೆ ಗುಜರಿಗೆ.”

ಮಾಮ ಶೇಡನ್ನು ಬಿಚ್ಚಿ, ಹಸುಗೂಸಿನಂತೆ ಎದೆಗವಚಿಕೊಂಡು, ಪಕ್ಕದ ಮನೆಯ ಲ್ಯಾಬ್ ಮೇಷ್ಟ್ರ ಅಂಗಳಕ್ಕೆ ಹೋದ. ಹಿಂದೆ ಹೆಂಡತಿ, ಅವಳ ಹಿಂದೆ ಬೀದಿಯ ಮುಕ್ಕಾಲು ಪಾಲು ಜನ.

ಮೇಷ್ಟ್ರ ಭೂತಗನ್ನಡಿಯ ಹಿಂದೆ ಅವರ ಕಣ್ಣು ಕುಂಬಳಕಾಯಿಯಷ್ಟಿತ್ತು. “ಅಚ್ಚಲ್ಲಿ ಮಾಡಿದ್ದಾದ್ರೆ ಎರಡು ಅರ್ಧ ಕೂಡೋ ಕಡೆ ಗೆರೆ ಇರುತ್ತೆ. ಹಳೇ ಕಾಲದ ಹಾಗೆ ಬಾಯಲ್ಲಿ ಊದಿದ್ದಾದ್ರೆ ಇರಲ್ಲ,” ಎಂದು ಉಗುರನ್ನು ಗಾಜಿನ ಸುತ್ತ ಓಡಿಸಿದರು. ಉಗುರು ತಡೆಯಿತು. “ಸಿಕ್ತು ಗೆರೆ. ಹೋದ ವರ್ಷದ ಮಾಲು.”

ಮಾಮ ಶೇಡನ್ನು ವಾಪಸು ತೆಗೆದುಕೊಳ್ಳಲು ಎರಡೂ ಕೈ ಚಾಚಿದ.

“ಪಕ್ಕಕ್ಕೆ ಸರೀರಿ ಮೇಷ್ಟ್ರೇ,” ಎಂದು ನುಗ್ಗಿದಳು ಮೇಲಿನ ಮನೆ ದೊಡ್ಡಮ್ಮ. “ಅದು ಗೆರೆಯಲ್ಲ, ಜಿಡ್ಡು. ಇವರ ಮನೆ ಅಡುಗೆ ಹೊಗೆಯೆಲ್ಲ ಇಲ್ಲೇ ಕೂತಿದೆ.”

“ನಮ್ಮನೇಲಿ ಅಡುಗೆ ಅಂತ ಒಂದು ಮಾಡ್ತೀವಲ್ಲ ದೊಡ್ಡಮ್ಮ, ಅದಕ್ಕೆ,” ಎಂದಳು ಹೆಂಡತಿ.

ದೊಡ್ಡಮ್ಮ ಕೇಳಿಸದವಳಂತೆ ಶೇಡನ್ನು ಸೋಪಿನ ನೀರಿನ ಬಕೆಟ್ಟಿಗೆ ಅದ್ದಿದಳು. “ಹೊಸದಾದ್ರೆ ಬಳಿದ ಬಣ್ಣ ಬಿಟ್ಕೊಳ್ಳುತ್ತೆ. ಹಳೇ ಕಾಲದಲ್ಲಿ ಸುಟ್ಟು ಕೂರಿಸಿದ್ದು ಬಿಡಲ್ಲ.” ನೀರು ಶಾಯಿಯಂತೆ ಕಪ್ಪಾಯಿತು. ಅವಳು ಶೇಡನ್ನು ಮೇಲೆತ್ತುವಷ್ಟರಲ್ಲಿ ಅದು ಮೀನಿನಂತೆ ಜಾರಿ ಮೂರು ಮಹಡಿ ಎತ್ತರಕ್ಕೆ ಹಾರಿತು. ಮೂರಕ್ಕೆ ಒಂದಿಂಚೂ ಕಡಿಮೆಯಿಲ್ಲ. ಮಾಮ ಅಂಗಾತ ಬಿದ್ದು ಅದನ್ನು ಹೊಟ್ಟೆಯ ಮೇಲೆ ಹಿಡಿದ. ನಿವೃತ್ತಿಯಾದ ಮೇಲೆ ಕಷ್ಟಪಟ್ಟು ಬೆಳೆಸಿದ ಆ ಹೊಟ್ಟೆ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ತೊಳೆದ ಗಾಜಿಗೆ ಬಿಸಿಲು ತಗುಲಿತು. ಮೇಷ್ಟ್ರಿಗೆ ಸಿಕ್ಕಿದ್ದ ಗೆರೆ ಮಾಯವಾಗಿತ್ತು. ಜೇನಿನ ಬಣ್ಣ, ಅಂಚಿನಲ್ಲಿ ಸಣ್ಣ ಸಣ್ಣ ಎಲೆ, ಒಂದೂ ಅಳಿಸಿರಲಿಲ್ಲ. ಗದ್ದಲ ಕೇಳಿ ಬಂದಿದ್ದ ಹಳೇ ಸಾಮಾನಿನ ಅಂಗಡಿಯ ಯಜಮಾನ ಹೊಟ್ಟೆಯ ಪಕ್ಕ ಕುಕ್ಕರುಗಾಲಲ್ಲಿ ಕೂತ.

“ಗುಳ್ಳೆ ನೋಡಿ ಒಳಗೆ. ಊದಿದವನ ಉಸಿರು. ಅವನು ಹೋಗಿ ಎಷ್ಟು ಕಾಲ ಆಯ್ತೋ, ಉಸಿರು ಇಲ್ಲೇ ಉಳ್ಕೊಂಡಿದೆ. ಕತ್ತು ಎಷ್ಟು ಅಗಲ ನೋಡಿ. ಇದು ಬಲ್ಬಿಗೆ ಮಾಡಿದ್ದಲ್ಲ, ಸೀಮೆಎಣ್ಣೆ ದೀಪಕ್ಕೆ. ಆಮೇಲೆ ಯಾರೋ ತಗಡು ಬಡಿದು ಹೊಂದಿಸಿದ್ದಾರೆ.”

“ನಮ್ಮಪ್ಪ,” ಎಂದ ಮಾಮ, ಮಲಗಿದಲ್ಲಿಂದಲೇ.

“ನೂರರ ಮೇಲೇ ಆಗಿದೆ. ಈ ಬೀದಿಗೆ ಕರೆಂಟ್ ಬರೋಕ್ಕಿಂತ ಹಳೇದು.”

ಹೆಂಡತಿಯ ಕಣ್ಣು ಒದ್ದೆಯಾಯಿತು. “ನಮ್ಮತ್ತೆ ಬಾಳಿಸಿದ ವಸ್ತು. ಗುಜರಿಗೆ ಹಾಕ್ಬಿಡ್ತಿದ್ನಲ್ರೀ.” ಅವಳೇ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮನೆಗೆ ನಡೆದಳು. ಮಾಮ ಬೀದಿಗೆಲ್ಲ ಅಪ್ಪನ ತಗಡಿನ ಕತೆ ಹೇಳಿ, ಗೆದ್ದ ದೊರೆಯಂತೆ ಹಿಂತಿರುಗುವಾಗ ಕತ್ತಲಾಗಿತ್ತು. ಕೈಕಾಲು ತೊಳೆದು ಊಟಕ್ಕೆ ಕೂತ. ಹೆಂಡತಿ ಸ್ವಿಚ್ ಒತ್ತಿದಳು.

ಆಪರೇಷನ್ ಥಿಯೇಟರಿನಂಥ ಬೆಳಕು ತಟ್ಟೆಯ ಮೇಲೆ ಬಿತ್ತು.

“ಶೇಡೆಲ್ಲಿ?”

“ಬೀರುವಲ್ಲಿ. ಶಾಲು ಸುತ್ತಿ ಬೀಗ ಹಾಕಿದೀನಿ. ನೂರು ವರ್ಷದ್ದನ್ನ ಯಾರಾದ್ರೂ ಬಲ್ಬಿಗೆ ಸಿಕ್ಕಿಸ್ತಾರೇನ್ರೀ? ಬಿಸಿಗೆ ಬಿರುಕು ಬಿಟ್ರೆ?”

“ಮನೇಲಿರುತ್ತೆ ಅಂದಿದ್ದೆ ನೀನು.”

“ಮನೇಲೇ ಇದೆಯಲ್ಲ.”

“ಅಷ್ಟೇನೂ ಹಳೇದಲ್ಲ ಕಣೇ ಅದು...”

“ಸುಮ್ನೆ ಊಟ ಮಾಡಿ. ಇಡೀ ಬೀದಿ ಸಾಕ್ಷಿಯಿದೆ.”

ಮಾಮ ತುತ್ತು ಕೈಯಲ್ಲೇ ಹಿಡಿದು ಮೇಲೆ ನೋಡಿದ. “ಈ ಪ್ಲಾಸ್ಟಿಕ್ಕು ಎಷ್ಟು ದಿನ ಬಾಳುತ್ತೆ?”

“ಇದು ಒಡೆಯೋದೇ ಇಲ್ವಂತೆ,” ಎಂದು ಹೆಂಡತಿ ಪ್ರೀತಿಯಿಂದ ಇನ್ನೊಂದು ಸೌಟು ಬಡಿಸಿದಳು. “ನಮ್ಮ ಮೊಮ್ಮಕ್ಕಳ ಕಾಲಕ್ಕೂ ಹೀಗೇ ಇರುತ್ತಂತೆ.”