ಭಾವನ ಥ್ರಾಟಲ್ ಬಾಡಿಯೂ ಬಾರದ ಕುದುರೆಗಳೂ

ಮುಂಬಯಿ ಪಕ್ಕದ ನಮ್ಮ ಡೊಂಬಿವಲಿಯಲ್ಲಿ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಒಂದೋ ಹುಚ್ಚರಾಗಿರಬೇಕು, ಇಲ್ಲವೇ ನನ್ನ ಭಾವನಾಗಿರಬೇಕು. ಎರಡೂ ಒಬ್ಬರೇ ಆಗಿರುವುದು ನನ್ನ ಅಕ್ಕನ ಹಣೆಬರಹ!

ನೀವೇ ಹೇಳಿ, ನಮ್ಮ ಸ್ಟೇಷನ್ ರೋಡಿನಲ್ಲಿ ಸ್ಪೋರ್ಟ್ಸ್ ಕಾರು ಎಷ್ಟು ಓಡೀತು? ಮುಂದೊಂದು ರಿಕ್ಷಾ, ಹಿಂದೊಂದು ರಿಕ್ಷಾ, ಎಡಕ್ಕೆ ವಡಾಪಾವ್ ಗಾಡಿ, ಬಲಕ್ಕೆ ಯಾವ ಚಿಂತೆಯೂ ಇಲ್ಲದ ಒಂದು ಹಸು. ವಿಮಾನದ ಹಾಗೆ ಹಾರಬೇಕಾದ ಕಾರು ನಮ್ಮಲ್ಲಿ ಮದುವೆ ದಿಬ್ಬಣದ ಹಾಗೆ ಹೋಗುತ್ತದೆ. ಒಮ್ಮೆ ಕಲ್ಯಾಣದವರೆಗೂ ಒಬ್ಬ ಬೆಣ್ಣೆ ಮಾರುವವನ ಸೈಕಲ್ಲು ಅದರ ಜೊತೆಜೊತೆಗೇ ಬಂತು. ಕೊನೆಗೆ ಸೈಕಲ್ಲಿನವನೇ ಪಾಪ, "ಪುಢೇ ಜಾ ಅಣ್ಣಾ" ಎಂದು ದಾರಿ ಬಿಟ್ಟ. ಅಂಥ ಕಾರಿಗೆ ಪವರ್ ಸಾಲದು ಎಂದು ಭಾವನಿಗೆ ಅನ್ನಿಸಿತು ನೋಡಿ!

ಭಾವ ಉಡುಪಿ ಕಡೆಯವರು. ಸ್ಟೇಷನ್ ಹತ್ತಿರ ಚಿಕ್ಕದೊಂದು ವೆಜ್ ಹೋಟೆಲು ನಡೆಸುತ್ತಾರೆ. ಕಾರು ಹಳೆಯದು, ಎರಡೇ ಸೀಟು, ಮೇಲಿನ ಟಾಪು ಮಡಚಿದರೆ ಆಕಾಶ. ಕೊಂಡದ್ದು ಭಾವನಾದರೂ ಓಡಿಸುತ್ತಿದ್ದದ್ದು ಅಕ್ಕ. ಬೆಳಿಗ್ಗೆ ವಾಶಿ ಮಾರ್ಕೆಟ್ಟಿಗೆ ಹೋಗಿ ಹೋಟೆಲಿಗೆ ತರಕಾರಿ ತರುತ್ತಿದ್ದಳು. ಟಾಪು ತೆಗೆದ ಕೆಂಪು ಸ್ಪೋರ್ಟ್ಸ್ ಕಾರು, ಪಕ್ಕದ ಸೀಟಿನಲ್ಲಿ ಬೆಲ್ಟು ಕಟ್ಟಿಸಿಕೊಂಡು ಕುಳಿತ ಕುಂಬಳಕಾಯಿ, ಹಿಂದೆ ಬಾವುಟದ ಹಾಗೆ ಎದ್ದು ನಿಂತ ನುಗ್ಗೆಕಾಯಿ! ಸಿಗ್ನಲ್ಲಿನಲ್ಲಿ ಜನ ಫೋಟೋ ತೆಗೆಯುತ್ತಿದ್ದರು. ಆಮೇಲೆ ಒಂದು ದಿನ ಅಕ್ಕ ಸ್ಟೇಷನ್ನಿನ ಸೇತುವೆ ಮೆಟ್ಟಿಲಲ್ಲಿ ಜಾರಿ ಬಿದ್ದು, ಬಲಗಾಲಿನ ಹರಡು ಮುರಿದು, ಒಳಗೆ ಪ್ಲೇಟು ಹಾಕಿಸಿಕೊಂಡಳು. ನಡೆಯಲು ಅಡ್ಡಿಯಿಲ್ಲ. ಬ್ರೇಕು ಒತ್ತಿ ಬಿಡುವುದೂ ಕಷ್ಟವಲ್ಲ. ಆಕ್ಸಿಲರೇಟರಿನ ಮೇಲೆ ಪಾದ ಬಗ್ಗಿಸಿ ಒತ್ತಿ ಹಿಡಿದೇ ಇರಬೇಕಲ್ಲ, ಅದು ಆಗಲಿಲ್ಲ. ಕೀ ತೆಗೆದು ಭಾವನ ಕೈಗೆ ಕೊಟ್ಟು, "ಇನ್ನು ನೀವೇ ಓಡಿಸಿ" ಎಂದಳು. ಮತ್ತೆ ಆ ಕಾರು ಹತ್ತಲೇ ಇಲ್ಲ.

ಅಂದಿನಿಂದ ಭಾವನಿಗೆ ಹತ್ತಿತು ಪವರಿನ ಗೀಳು. ಓಡಿಸಿ ಬಂದಾಗಲೆಲ್ಲ ಮುಖ ಸಪ್ಪೆ. "ಎಂತದೋ ಕಮ್ಮಿ ಉಂಟು ಮಾರಾಯ, ಮೊದಲಿನ ಹಾಗೆ ಇಲ್ಲ" ಎನ್ನುವರು. ಪ್ಲಗ್ ಬದಲಿಸಿದರು, ಆಯಿಲ್ ಬದಲಿಸಿದರು, ಜ್ಯೋತಿಷಿಯನ್ನು ಒಂದು ಕೇಳುವುದು ಬಾಕಿ! ಕೊನೆಗೆ ಯಾರೋ ಕಿವಿಗೆ ಊದಿದರು: ಥ್ರಾಟಲ್ ಬಾಡಿ ಬದಲಿಸಿ, ದೊಡ್ಡದು ಹಾಕಿ, ಹಾರ್ಸ್‌ಪವರಿನ ಕುದುರೆಗಳು ತಾವಾಗಿ ಬರುತ್ತವೆ.

ಥ್ರಾಟಲ್ ಬಾಡಿ ಎಂದರೆ ಬೇರೇನಲ್ಲ, ಎಂಜಿನ್ನಿಗೆ ಗಾಳಿ ಹೋಗುವ ಬಾಗಿಲು. ನಾವು ಕಾಲಿನಿಂದ ಒತ್ತಿದಷ್ಟು ಅದು ತೆರೆಯುತ್ತದೆ. ಭಾವ ತರಿಸಿದ್ದು ಅಗಲ ಬಾಯಿಯದು, ಫಳಫಳ ಹೊಳೆಯುವಂಥದ್ದು. ಅದನ್ನು ಬಾಣಂತಿ ಮಗುವನ್ನು ಎತ್ತಿಕೊಂಡ ಹಾಗೆ ಎದೆಗವಚಿಕೊಂಡು ಬರುವಾಗ ಕೆಳಗಿನ ಮನೆಯ ಕಾಕಾ ಕೇಳಿದರು.

"ಕಾಯ್ ಅಣ್ಣಾ, ಮಿಕ್ಸರ್‌ಚಾ ಪಾರ್ಟ್ ಕಾ?"

ಭಾವ ಅವರೊಡನೆ ಹದಿನೈದು ದಿನ ಮಾತು ಬಿಟ್ಟರು.

ಹೊಸ ಬಾಗಿಲು ಕೂತಿತು. ಪವರ್ ಹೆಚ್ಚಾಯಿತೋ ಇಲ್ಲವೋ ಎಂದು ನೋಡುವುದು ಹೇಗೆ? ಬೇರೆಯವರಾದರೆ ಮೀಟರ್ ಗೀಟರ್ ಎನ್ನುತ್ತಿದ್ದರು. ಭಾವ ಹೋಟೆಲಿನವರು. ಬಾಗಿಲು ಬದಲಿಸುವ ಮೊದಲೇ ಒಂದು ಪರೀಕ್ಷೆ ಮಾಡಿಟ್ಟಿದ್ದರು. ಸಾನಪಾಡಾದ ಒಂದು ಖಾಲಿ ರಸ್ತೆ, ರವಿವಾರದ ಬೆಳಿಗ್ಗೆ, ಪಕ್ಕದ ಸೀಟಿನಲ್ಲಿ ಹೆಂಡತಿಯ ತಮ್ಮನಾದ ನಾನು, ನನ್ನ ಕೈಯಲ್ಲಿ ಕಂಠಪೂರ್ತಿ ಸಾಂಬಾರು ತುಂಬಿದ ಲೋಟ. ಕಾರು ಹೊರಟಾಗ ಎಷ್ಟು ಚೆಲ್ಲುತ್ತದೋ ಅಷ್ಟು ಪವರ್!

"ನೀರಾದರೂ ಇಡಬಾರದಾ ಭಾವ?"

"ನೀರಿನ ಕಲೆ ಒಣಗಿ ಹೋಗ್ತದೆ ಮಾರಾಯ. ಸಾಂಬಾರಿದ್ದು ಒಗೆದ್ರೂ ಹೋಗುದಿಲ್ಲ. ಪ್ರೂಫ್ ಅಂದ್ರೆ ಹಾಗಿರ್ಬೇಕು."

ಹಳೆಯ ಬಾಗಿಲಿದ್ದಾಗ ನಾಲ್ಕು ಹನಿ ಚೆಲ್ಲಿತ್ತು. ಹೊಸದು ಹಾಕಿದ ಮೇಲೆ ಅದೇ ರಸ್ತೆ, ಅದೇ ಲೋಟ, ಅದೇ ಪಾಪದ ನಾನು. ಭಾವ ಕಾಲು ಇಟ್ಟರೋ ಇಲ್ಲವೋ, ಕಾರು ಚಂಗನೆ ನೆಗೆಯಿತು. ಸಾಂಬಾರು, ಅದರೊಳಗಿನ ಬದನೆಕಾಯಿ ಸಮೇತ, ನನ್ನ ತೊಡೆಯ ಮೇಲೆ! ನಾನು ಅಯ್ಯಯ್ಯೋ ಎಂದು ಕೂಗಿದರೆ ಭಾವ, "ನೋಡಿದ್ಯಾ ಪವರ್!" ಎಂದು ಸ್ಟೇರಿಂಗಿಗೆ ಮುತ್ತು ಕೊಟ್ಟರು. ಅಂದಿನಿಂದ ಹೋಟೆಲಿನಲ್ಲಿ ಮಸಾಲೆ ದೋಸೆ ತಿನ್ನಲು ಬಂದವರಿಗೆಲ್ಲ ನನ್ನ ಪ್ಯಾಂಟಿನ ಕಥೆ. ಗಲ್ಲಾಪೆಟ್ಟಿಗೆಯ ಮುಂದೆ ಕೂತ ಅಕ್ಕ ಕೇಳಿ ಕೇಳಿ ಸುಸ್ತಾದಳು.

"ಸಾಂಬಾರು ಸಾಕ್ಷಿ ಹೇಳ್ತದಾ? ಪವರ್ ಅಳೆಯುವ ಮೆಷಿನ್ ಮೇಲೆ ಹತ್ತಿಸಿ. ಪವರ್ ಹೆಚ್ಚಾಗಿದ್ರೆ ಗಾಡಿ ಇರ್ಲಿ. ಇಲ್ಲದಿದ್ರೆ ಕೊಟ್ಟುಬಿಡುವ. ಕಲ್ಯಾಣದ ಗಿರಾಕಿ ದಿನಾ ಫೋನ್ ಮಾಡ್ತಾ ಇದ್ದಾನೆ. ನನಗೆ ಓಡಿಸ್ಲಿಕ್ಕಾಗದ ಗಾಡಿ ದಿನಾ ಕಣ್ಣೆದುರು ನಿಲ್ಲುದು ಬೇಡ."

ಕೊನೆಯ ಮಾತು ಹೇಳುವಾಗ ಅವಳು ನಗುತ್ತಿರಲಿಲ್ಲ. ಭಾವನಿಗೆ ರೋಷ ಬಂತು. ಹೋಟೆಲಿನವರ ಆಣೆ ದೇವರ ಪಟದೆದುರು ಅಲ್ಲವಲ್ಲ, ನೇರ ಒಳಗೆ ಹೋಗಿ, "ಈ ಕಾವಲಿ ಮುಟ್ಟಿ ಹೇಳ್ತೇನೆ, ಹೆಚ್ಚಾಗದಿದ್ರೆ ಕೀ ನಿನ್ನ ಕೈಗೆ!" ಎಂದು ದೋಸೆ ಕಾವಲಿಯನ್ನು ಮುಟ್ಟಿಯೇಬಿಟ್ಟರು. ಬೆಳಗಿನ ಎಂಟು ಗಂಟೆ, ಕಾವಲಿ ಕೆಂಡವಾಗಿತ್ತು! ಆಣೆ ಗಟ್ಟಿಯಾಗಿ ಬಿತ್ತು, ಅಂಗೈಯ ಗುಳ್ಳೆಯೂ ಗಟ್ಟಿಯಾಗಿಯೇ ಎದ್ದಿತು.

ಅಂಥ ಮೆಷಿನ್ನು ಭಿವಂಡಿಯ ಗೋದಾಮುಗಳ ನಡುವೆ ಒಂದು ಗ್ಯಾರೇಜಿನಲ್ಲಿತ್ತು. ಮುಂದಿನ ರವಿವಾರ ಭಾವ ಕಾರಿನಲ್ಲಿ, ನಾನೂ ಅಕ್ಕನೂ ರಿಕ್ಷಾದಲ್ಲಿ ಹೋದೆವು. ಕಾರನ್ನು ದೊಡ್ಡ ಉರುಳೆಗಳ ಮೇಲೆ ಹತ್ತಿಸಿ, ಸರಪಳಿ ಕಟ್ಟಿ, ನಿಂತಲ್ಲೇ ಓಡಿಸುತ್ತಾರೆ. ಎಂಜಿನ್ನಿಗೆ ಎಷ್ಟು ಕುದುರೆಗಳ ಬಲವೋ ಪರದೆಯ ಮೇಲೆ ಬರುತ್ತದೆ. ಮೊದಲು ಹಳೆಯ ಬಾಗಿಲು ಹಾಕಿ ಓಡಿಸಿದರು, ಆಮೇಲೆ ಹೊಸದು. ಕಾರು ಎರಡು ಸಲವೂ ಊರು ಕಿತ್ತುಹೋಗುವ ಹಾಗೆ ಕೂಗಿತು. ಭಾವ ಕಣ್ಣು ಮುಚ್ಚಿ ಕೃಷ್ಣಾ ಕೃಷ್ಣಾ ಎನ್ನುತ್ತಿದ್ದರು. ಪರದೆ ನೋಡಿದ ಗ್ಯಾರೇಜಿನವನು ತಲೆ ಕೆರೆದುಕೊಂಡ.

"ಸೇಮ್ ಟು ಸೇಮ್ ಹೈ, ಶೇಟ್."

"ಒಂದು ಕುದುರೆಯೂ ಹೆಚ್ಚಿಲ್ವಾ?" ಭಾವ ನನ್ನ ಕಡೆ ತಿರುಗಿದರು. "ಹೋಗ್ಲಿ, ಒಂದು ಕತ್ತೆಯಾದ್ರೂ?"

ಕತ್ತೆಯೂ ಇರಲಿಲ್ಲ. ಎಂಜಿನ್ನಿನ ಒಳಗೂ ಕೆಲಸ ಮಾಡಿಸಿ, ಅದಕ್ಕೆ ಗಾಳಿ ಸಾಲದೆ ಹೋದರೆ ಆಗ ದೊಡ್ಡ ಬಾಗಿಲಿನಿಂದ ನಿಜವಾಗಿಯೂ ಬಲ ಬರುತ್ತದಂತೆ. ಇದು ಕಂಪನಿಯಿಂದ ಬಂದ ಹಾಗೇ ಇರುವ ಎಂಜಿನ್ನು, ಹಳೆಯ ಬಾಗಿಲೇ ಅದಕ್ಕೆ ಧಾರಾಳ. ಹೊಸದರಲ್ಲಿ ಸ್ವಲ್ಪ ಒತ್ತಿದರೂ ಗಾಳಿ ಭರ್ರನೆ ನುಗ್ಗುವುದರಿಂದ ಕಾರು ನೆಗೆಯುತ್ತದೆ, ಅಷ್ಟೇ. ನನ್ನ ಪ್ಯಾಂಟಿನ ಮೇಲೆ ಚೆಲ್ಲಿದ್ದು ಪವರ್ ಅಲ್ಲ, ಬರೀ ಅವಸರ!

"ಹೋಟೆಲಿನ ಬಾಗಿಲು ದೊಡ್ಡದು ಮಾಡಿದ್ರೆ ಒಳಗೆ ಇಡ್ಲಿ ಹೆಚ್ಚು ಬೇಯ್ತದಾ?" ಎಂದಳು ಅಕ್ಕ.

ಕಾರು ಅಂಗಳಕ್ಕೆ ಇಳಿದ ಮೇಲೆ ಭಾವ ಕೀ ತಂದು, ಸುಟ್ಟ ಅಂಗೈಯಲ್ಲಿಟ್ಟು ಚಾಚಿದರು. "ಮಾತು ಅಂದ್ರೆ ಮಾತು" ಎಂದರು. ಗಂಡಸು ಅಷ್ಟು ಸೋತು ನಿಂತದ್ದನ್ನು ನನಗೆ ನೋಡಲಾಗಲಿಲ್ಲ.

ಅಕ್ಕ ಕೀ ತೆಗೆದುಕೊಂಡಳು. ಕಾರಿನ ಬಾನೆಟ್ಟು ಸವರಿದಳು. ಆಮೇಲೆ, "ಕೊಡುವ ಮೊದ್ಲು ಈ ಅಂಗಳದಲ್ಲೇ ಒಂದು ರೌಂಡ್ ಹೊಡೀತೇನೆ. ನೋವಾದ್ರೆ ಆಗ್ಲಿ. ನೀನು ಕೂತ್ಕೋ" ಎಂದು ನನ್ನನ್ನು ಪಕ್ಕಕ್ಕೆ ಹತ್ತಿಸಿಕೊಂಡಳು. ರವಿವಾರವಾದ್ದರಿಂದ ಲಾರಿಗಳಿರಲಿಲ್ಲ. ಅಕ್ಕ ಹಲ್ಲು ಕಚ್ಚಿ, ನೋವಿಗೆ ಸಿದ್ಧಳಾಗಿ, ಪಾದವನ್ನು ಮೆಲ್ಲಗೆ ಇಟ್ಟಳು.

ಕಾರು ನೆಗೆಯಿತು! ಅಕ್ಕ ಕಿರುಚಿದಳು, ನಾನು ಅವಳಿಗಿಂತ ಜೋರಾಗಿ ಕಿರುಚಿದೆ. ಸಾವರಿಸಿಕೊಂಡು ಮತ್ತೆ ಇಟ್ಟಳು, ಇನ್ನೂ ಮೆಲ್ಲಗೆ. ಕಾರು ಹೂವಿನ ಹಾಗೆ ಹೊರಟಿತು. ಒಂದು ಸುತ್ತು, ಎರಡು ಸುತ್ತು. ಸೆರಗು ಹಾರುತ್ತಿತ್ತು, ಅಕ್ಕ ಗಹಗಹಿಸಿ ನಗುತ್ತಿದ್ದಳು.

"ಒತ್ತಲೇ ಇಲ್ಲ ಮಾರಾಯ! ಮುಟ್ಟಿದ್ದು ಮಾತ್ರ! ನೋಯುದೇ ಇಲ್ಲ!"

ಗೋದಾಮಿನ ಕಾವಲುಗಾರರು ಎದ್ದು ಬಂದು ಚಪ್ಪಾಳೆ ತಟ್ಟಿದರು. ಯಾಕೆಂದು ಅವರಿಗೆ ಗೊತ್ತಿರಲಿಲ್ಲ, ಆದರೂ ತಟ್ಟಿದರು. ಅಕ್ಕ ಕಾರನ್ನು ಭಾವನ ಕಾಲಬುಡಕ್ಕೆ ತಂದು ನಿಲ್ಲಿಸಿ, ತಲೆಯೆತ್ತಿ ಕೇಳಿದಳು.

"ನಿಜ ಹೇಳಿ. ನನ್ನ ಕಾಲಿಗೋಸ್ಕರ ಹಾಕಿಸಿದ್ದಾ?"

ಬೇರೆ ಯಾವ ಗಂಡನಾದರೂ ಹೌದು ಎನ್ನುತ್ತಿದ್ದ. ಜನ್ಮಕ್ಕೆ ಸಾಕಾಗುವಷ್ಟು ಪುಣ್ಯ ಕೈಗೆ ಬಂದು ಬೀಳುತ್ತಿತ್ತು! ಭಾವ ತಲೆ ತಗ್ಗಿಸಿದರು.

"ಇಲ್ಲ ಮಾರಾಯ್ತಿ, ಪವರಿಗೇ ಹಾಕಿಸಿದ್ದು. ನೀನು ಬಿಟ್ಟ ಮೇಲೆ ಗಾಡಿಯಲ್ಲಿ ಎಂತದೋ ಕಮ್ಮಿ ಆದ ಹಾಗೆ ಆಗ್ತಿತ್ತು. ನಾನು ಎಂಜಿನ್ನಲ್ಲಿ ಅಂತ ತಿಳ್ಕೊಂಡೆ."

ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಕಲ್ಯಾಣದ ಗಿರಾಕಿಗೆ ಫೋನು ಮಾಡಿ, "ಗಾಡಿ ವಿಕಾಯ್ಚಿ ನಾಹೀ", ಮಾರಲಿಕ್ಕಿಲ್ಲ ಎಂದು, ಅವನು ಯಾಕೆ ಎಂದು ಕೇಳುವ ಮೊದಲೇ ಇಟ್ಟಳು. ನನ್ನ ಕಡೆ ತಿರುಗಿ, "ನೀನು ಇಳಿ" ಎಂದಳು.

ನಾನು ಇಳಿದೆ, ಭಾವ ಹತ್ತಿದರು. ಅಕ್ಕ ಗೇಟು ದಾಟಿ ರಸ್ತೆಗೆ ತಿರುಗಿಸಿದಳು. ಭಾವ ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು, ರಸ್ತೆಯನ್ನಲ್ಲ, ಅವಳನ್ನೇ ನೋಡುತ್ತ ಕುಳಿತಿದ್ದರು. ನನಗೆ ಅಳು ಬಂತು. ಆ ಕಾವಲುಗಾರರ ಎದುರೇ ನಾಚಿಕೆಯಿಲ್ಲದೆ ಅತ್ತು, ಆಮೇಲೆ ರಿಕ್ಷಾ ಹುಡುಕಿಕೊಂಡು ಹೊರಟೆ.